ಸಿಂಧೂ ನೀರಿನ ಜಗಳಕ್ಕೆ ದಾರಿ ಹುಡುಕಿದ ಲಿಲಿಯೆಂತಾಲ್

ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ನಮ್ಮ ಆದೋನಿ ಸೀಮೆ ಮುಟ್ಟುವ ಹೊತ್ತಿಗೆ ಸೊರಗಿ ಸಣ್ಣದಾಗಿರುತ್ತದೆ. ನಾವು ಕೊನೆ ಭಾಗದ ರೈತರು. ತೆಲುಗಿನಲ್ಲಿ ಚಿವರಿ ಆಯಕಟ್ಟು ಅಂತೀವಿ. ಹಂಗಾಗಿ ನೀರಿನ ತಕರಾರು ಯಾವ ದೇಶದ್ದೇ ಇರಲಿ, ಕಾಲುವೆಯ ಬಾಯಿ ಯಾರ ಕೈಯಲ್ಲೈತೆ, ಕೊನೆಗೆ ಯಾರಿದ್ದಾರೆ ಅನ್ನೋದನ್ನೇ ನಾನು ಮೊದಲು ನೋಡೋದು.

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಹತ್ಯಾಕಾಂಡವಾದ ಮರುದಿನ ಭಾರತ ಸರ್ಕಾರ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಹೋಟೆಲ್ಲು, ಹತ್ತಿ ಮಂಡಿ ಎಲ್ಲೆಲ್ಲೂ ಅದೇ ಮಾತು. ಆದರೆ ಆ ಒಪ್ಪಂದಕ್ಕೆ ಮೊದಲ ಬೀಜ ಹಾಕಿದವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಆತ ನಮ್ಮವನಲ್ಲ, ಪಾಕಿಸ್ತಾನದವನೂ ಅಲ್ಲ. ಎಂಜಿನಿಯರ್ ಕೂಡ ಅಲ್ಲ. ಅಮೆರಿಕದ ಒಬ್ಬ ವಕೀಲ, ಡೇವಿಡ್ ಲಿಲಿಯೆಂತಾಲ್. ಒಂದು ಕಾಲಕ್ಕೆ ಆ ದೇಶದಲ್ಲಿ ಮನೆಮಾತಾಗಿದ್ದ ಹೆಸರು.

ಹುಟ್ಟಿದ್ದು 1899ರ ಜುಲೈ 8ರಂದು, ಇಲಿನಾಯ್ ರಾಜ್ಯದ ಮಾರ್ಟನ್ ಎಂಬ ಸಣ್ಣ ಊರಲ್ಲಿ. ತಂದೆ ತಾಯಿ ಯೂರೋಪಿನಿಂದ ವಲಸೆ ಹೋದ ಯೆಹೂದಿಗಳು. 1923ರಲ್ಲಿ ಹಾರ್ವರ್ಡ್‌ನಲ್ಲಿ ಕಾನೂನು ಓದು ಮುಗಿಸಿ ಷಿಕಾಗೋದಲ್ಲಿ ವಕೀಲಿ ಹಿಡಿದ. 1931ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ಆತನನ್ನು ಕರೆಸಿ, ಕರೆಂಟು, ಟೆಲಿಫೋನ್ ಕಂಪನಿಗಳ ದರದ ಮೇಲೆ ಕಣ್ಣಿಡುವ ಆಯೋಗಕ್ಕೆ ಹಾಕಿದ. ನದಿ ನೀರಿಗೂ ಆತನಿಗೂ ಅಲ್ಲೀತನಕ ನಂಟೇ ಇರಲಿಲ್ಲ.

1933ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಟೆನೆಸಿ ಕಣಿವೆ ಪ್ರಾಧಿಕಾರ ಕಟ್ಟಿದ. ಟೆನೆಸಿ ನದಿಯ ಸೀಮೆ ಏಳು ರಾಜ್ಯಗಳಲ್ಲಿ ಹರಡಿಕೊಂಡಿದೆ. ಮಳೆಗಾಲಕ್ಕೆ ಪ್ರವಾಹ, ಉಳಿದ ದಿನ ಬಡತನ. ಹೊಲದ ಮಣ್ಣು ಕೊಚ್ಚಿಹೋಗಿತ್ತು, ಮಲೇರಿಯಾ ಹೊಕ್ಕಿತ್ತು, ರೈತನ ಮನೆಯಲ್ಲಿ ವಿದ್ಯುತ್ ದೀಪ ಕಂಡರೆ ಅಪರೂಪ. ಏಳು ರಾಜ್ಯಗಳ ಗೆರೆ ಏನೇ ಇರಲಿ, ನದಿಯನ್ನು ತಲೆಯಿಂದ ಬಾಲದವರೆಗೆ ಒಂದೇ ಅಂತ ತಿಳಿದು ಅಣೆಕಟ್ಟು, ಕರೆಂಟು, ದೋಣಿ ಸಂಚಾರ, ಗೊಬ್ಬರ ಎಲ್ಲವನ್ನೂ ಒಂದು ಕೈಯಿಂದ ನಡೆಸೋದು ಆ ಸಂಸ್ಥೆಯ ಕೆಲಸ. ಅದಕ್ಕೆ ಮೂವರು ನಿರ್ದೇಶಕರು. ಅದರಲ್ಲಿ ಮೂವತ್ನಾಲ್ಕು ಮುಟ್ಟದ ಲಿಲಿಯೆಂತಾಲ್ ಒಬ್ಬ.

ಅಲ್ಲಿ ಆತ ಇಬ್ಬರ ಜೊತೆ ಸೆಣಸಿದ. ಒಬ್ಬ, ತನ್ನ ಸಂಸ್ಥೆಯ ಅಧ್ಯಕ್ಷನೇ ಆದ ಆರ್ಥರ್ ಮಾರ್ಗನ್. ಇನ್ನೊಬ್ಬ, ಖಾಸಗಿ ವಿದ್ಯುತ್ ಕಂಪನಿಗಳ ಮುಖಂಡ ವೆಂಡೆಲ್ ವಿಲ್ಕಿ. ಮಾರ್ಗನ್‌ನನ್ನು ರೂಸ್ವೆಲ್ಟೇ 1938ರಲ್ಲಿ ತೆಗೆದುಹಾಕಿದ. ವಿಲ್ಕಿ ಮರುವರ್ಷ ಟೆನೆಸಿಯ ತನ್ನ ಕಂಪನಿಯನ್ನು ಪ್ರಾಧಿಕಾರಕ್ಕೆ ಮಾರಿದ. 1941ರಲ್ಲಿ ಲಿಲಿಯೆಂತಾಲ್ ಅಧ್ಯಕ್ಷನಾದ. ಮನುಷ್ಯ ಸಾಧು ಅಂತ ನಾನು ಹೇಳಲ್ಲ. ಹಟಮಾರಿ. ನಾರಿಸ್ ಎಂಬ ಒಂದೇ ಅಣೆಕಟ್ಟಿಗೆ ಮೂರು ಸಾವಿರದ ಹತ್ತಿರ ಸಂಸಾರಗಳು ಮನೆ ಹೊಲ ಬಿಟ್ಟು ಎದ್ದವು. ತುಂಗಭದ್ರೆಯ ಹಿನ್ನೀರಲ್ಲಿ ಊರು ಕಳಕೊಂಡವರ ಸಂಬಂಧಿಕರು ನಮ್ಮ ಕಡೆಯೂ ಇದ್ದಾರೆ. ಅವರ ಮುಂದೆ ಕೂತು ಟೆನೆಸಿಯನ್ನು ಬರೀ ಹೊಗಳೋಕೆ ಆಗಲ್ಲ.

1946ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗಕ್ಕೆ ಆತನೇ ಮೊದಲ ಅಧ್ಯಕ್ಷ. ಹೈಡ್ರೋಜನ್ ಬಾಂಬು ತರಾತುರಿಯಲ್ಲಿ ಬೇಡ ಅಂತ ವಾದ ಮಾಡಿದ, ಸೋತ, 1950ರ ಫೆಬ್ರವರಿಯಲ್ಲಿ ಹೊರಬಂದ. ಆಮೇಲೆ 1951ರಲ್ಲಿ ಕಾಲಿಯರ್ಸ್ ಎಂಬ ವಾರಪತ್ರಿಕೆಗೆ ಬರೆಯಲಿಕ್ಕೆಂದು ಭಾರತಕ್ಕೂ ಪಾಕಿಸ್ತಾನಕ್ಕೂ ಬಂದ.

ಆಗ ಪಂಜಾಬಿನ ಸ್ಥಿತಿ ಏನಿತ್ತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. 1947ರಲ್ಲಿ ಗಡಿ ಗೆರೆ ಎಳೆದಾಗ ಹೊಲಕ್ಕಷ್ಟೇ ಅಲ್ಲ, ಕಾಲುವೆಗೂ ಅಡ್ಡ ಗೆರೆ ಬಿತ್ತು. ರಾವಿ ನದಿಯ ಮಾಧೋಪುರದ ಗೇಟುಗಳು, ಸಟ್ಲೆಜ್ ನದಿಯ ಫಿರೋಜ್‌ಪುರದ ಗೇಟುಗಳು ಭಾರತಕ್ಕೆ ಉಳಿದವು. ಅವುಗಳಿಂದ ನೀರು ಕುಡಿಯುವ ಕಾಲುವೆಗಳ ಕೆಳಭಾಗ ಪಾಕಿಸ್ತಾನಕ್ಕೆ ಹೋಯಿತು. ತಾತ್ಕಾಲಿಕವಾಗಿ ಇದ್ದದ್ದು ಇದ್ದಂತೆ ನಡೆಯಲಿ ಅಂತ ಮಾಡಿಕೊಂಡಿದ್ದ ಕರಾರು 1948ರ ಮಾರ್ಚ್ 31ಕ್ಕೆ ಮುಗಿಯಿತು. ಮರುದಿನವೇ ಪೂರ್ವ ಪಂಜಾಬಿನವರು ನೀರು ನಿಲ್ಲಿಸಿದರು. ಲಾಹೋರ್ ಕಡೆಯ ಕಾಲುವೆಗಳು, ದಿಪಾಲ್‌ಪುರ ಕಾಲುವೆ ಒಣಗಿದವು. ಅದು ಮುಂದಿನ ಪೈರಿಗೆ ನೀರು ಬೇಕಾದ ಹೊತ್ತು. ಮೇ 4ರಂದು ದೆಹಲಿಯಲ್ಲಿ ಕೂತು ಮಾತಾಡಿ ಮತ್ತೆ ನೀರು ಬಿಟ್ಟರು, ಆದರೆ ಭಯ ಕೂತುಬಿಟ್ಟಿತ್ತು. ಬಿತ್ತಿದ ಮೇಲೆ ಗೇಟು ಮುಚ್ಚಿದರೆ ಏನಾಗುತ್ತದೆ ಅಂತ ಕೊನೆ ಭಾಗದವನಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಹಂಗಂತ ಈ ಕಡೆಯದ್ದು ಬರೀ ಹಗೆತನ ಅನ್ನೋದೂ ತಪ್ಪು. ನಿರಾಶ್ರಿತರಾಗಿ ಬಂದು ಪೂರ್ವ ಪಂಜಾಬಿನಲ್ಲಿ ನೆಲೆ ನಿಂತ ರೈತರಿಗೂ ನೀರು ಬೇಕಿತ್ತು. ನೀರಾವರಿಯಾದ ಜಮೀನಿನ ದೊಡ್ಡ ಪಾಲು ಆ ಕಡೆಗೆ ಹೋಗಿತ್ತು.

ಲಿಲಿಯೆಂತಾಲ್ ನೆಹರೂ ಅವರನ್ನೂ ಲಿಯಾಕತ್ ಅಲಿ ಖಾನ್ ಅವರನ್ನೂ ಕಂಡು ಮಾತಾಡಿದ. ಊರಿಗೆ ಹೋಗಿ 1951ರ ಆಗಸ್ಟ್‌ನಲ್ಲಿ ಲೇಖನ ಬರೆದ. ಸಾರಾಂಶ ಇಷ್ಟು: ಕಾಶ್ಮೀರದ ತಕರಾರು ಒಂದು ಕಡೆ ಇರಲಿ. ನೀರನ್ನು ರಾಜಕೀಯದವರ ಕೈಯಿಂದ ಬಿಡಿಸಿ ಎಂಜಿನಿಯರ್‌ಗಳ ಕೈಗೆ ಕೊಡಿ. ಸಿಂಧೂ ಕಣಿವೆಯ ನೀರಲ್ಲಿ ಬಹುಪಾಲು ಸುಮ್ಮನೆ ಸಮುದ್ರಕ್ಕೆ ಹೋಗುತ್ತಿದೆ, ಅದನ್ನು ಕಟ್ಟಿ ನಿಲ್ಲಿಸಿದರೆ ಇಬ್ಬರಿಗೂ ಸಾಲುತ್ತದೆ. ಎರಡೂ ದೇಶ ಸೇರಿ ಒಂದು ಸಂಸ್ಥೆ ಕಟ್ಟಲಿ, ವಿಶ್ವ ಬ್ಯಾಂಕು ಸಾಲ ಕೊಡಲಿ. ಟೆನೆಸಿಯ ಪಾಠವನ್ನೇ ಆತ ಪಂಜಾಬಿಗೆ ಹೊಂದಿಸಿ ಹೇಳಿದ್ದ.

ವಿಶ್ವ ಬ್ಯಾಂಕಿನ ಅಧ್ಯಕ್ಷ ಯೂಜೀನ್ ಬ್ಲ್ಯಾಕ್ ಆತನ ಗೆಳೆಯ. ಲೇಖನ ಓದಿ ಸೆಪ್ಟೆಂಬರ್‌ನಲ್ಲಿ ಇಬ್ಬರು ಪ್ರಧಾನಿಗಳಿಗೂ ಪತ್ರ ಹಾಕಿದ. ಇಬ್ಬರೂ ಒಪ್ಪಿದರು. ಲಿಯಾಕತ್ ಅವರನ್ನು ಅಕ್ಟೋಬರ್ 16ರಂದು ಗುಂಡಿಟ್ಟು ಕೊಂದರು, ಆದರೂ ಮಾತು ಮುರಿಯಲಿಲ್ಲ. 1952ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಎರಡೂ ಕಡೆ ಎಂಜಿನಿಯರ್‌ಗಳು ಎದುರುಬದುರು ಕೂತರು.

ಅಲ್ಲಿ ಮೊದಲು ಬಿದ್ದುಹೋಗಿದ್ದು ಲಿಲಿಯೆಂತಾಲ್ ಹೇಳಿದ ಮುಖ್ಯ ಮಾತೇ. ಜಂಟಿ ಸಂಸ್ಥೆ ಯಾರಿಗೂ ಬೇಡವಾಯಿತು. ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರಿಗೆ ಬಾವಿ ಪಾಲಾದಾಗ ನೋಡಿಲ್ಲವೇ? ಮಾತು ನಡೀತಿರೋ ತನಕ ಸರದಿ ನಡೆಯುತ್ತದೆ, ದಿನ ಬಿಟ್ಟು ದಿನ ಮೋಟರ್ ಹಾಕ್ಕೋತಾರೆ. ಮಾತು ನಿಂತ ಮೇಲೆ ಒಬ್ಬ ಬೇರೆ ಬಾವಿ ತೋಡಲೇಬೇಕು. ಆಮೇಲೆ ಆ ಎರಡನೇ ಬಾವಿಯ ಖರ್ಚು ಯಾರದು ಅಂತ ಇನ್ನೊಂದು ಪಂಚಾಯ್ತಿ. ಇಲ್ಲೂ ಆದದ್ದು ಅದೇ. 1954ರ ಫೆಬ್ರವರಿಯಲ್ಲಿ ಬ್ಯಾಂಕು ನದಿಗಳನ್ನೇ ಪಾಲು ಮಾಡುವ ಯೋಜನೆ ಇಟ್ಟಿತು. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೀಲಂ, ಚಿನಾಬ್ ಪಾಕಿಸ್ತಾನಕ್ಕೆ. ಒಟ್ಟು ನೀರಲ್ಲಿ ಎಂಬತ್ತು ಭಾಗದಷ್ಟು ಅವರಿಗೆ, ಇಪ್ಪತ್ತು ಭಾಗ ನಮಗೆ. ಪಶ್ಚಿಮದ ನದಿಗಳಿಂದ ನೀರು ತಿರುಗಿಸಿ ಹಳೆ ಕಾಲುವೆಗಳಿಗೆ ಕೂಡಿಸಲು ಪಾಕಿಸ್ತಾನಕ್ಕೆ ಜೋಡು ಕಾಲುವೆ, ಅಣೆಕಟ್ಟು ಬೇಕಾದವು. ಅದರ ದುಡ್ಡಿನ ಲೆಕ್ಕಕ್ಕೇ ಇನ್ನೂ ಆರು ವರ್ಷ ಹಿಡಿಯಿತು.

1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಹಿ ಹಾಕಿದರು, ಬ್ಯಾಂಕಿನ ಪರವಾಗಿ ಐಲಿಫ್. ಭಾರತ ತನ್ನ ಪಾಲಿನ ಖರ್ಚು ಅಂತ 6 ಕೋಟಿ 20 ಲಕ್ಷ 60 ಸಾವಿರ ಪೌಂಡು ಹತ್ತು ಕಂತಿನಲ್ಲಿ ಕೊಡಲು ಒಪ್ಪಿತು. ಈ ಒಪ್ಪಂದ 1965, 1971ರ ಯುದ್ಧಗಳನ್ನೂ ದಾಟಿ ಉಳಿಯಿತು.

ಪಾಲು ಮಾಡಿದ್ದು ಸರಿಯೋ, ಲಿಲಿಯೆಂತಾಲ್ ಹೇಳಿದ ಒಟ್ಟು ಸಂಸಾರ ಸರಿಯೋ? ನಾನು ಒಟ್ಟು ಸಂಸಾರದ ಕೆಳಗೇ ಬದುಕೋನು. ತುಂಗಭದ್ರಾ ಮಂಡಳಿ 1953ರಿಂದ ಐತೆ. ಅದಿದ್ದ ಮಾತ್ರಕ್ಕೆ ಕೊನೆ ತೂಬಿಗೆ ನೀರು ತಾನಾಗೇ ಬರಲ್ಲ. ದಾರಿಯಲ್ಲಿ ಎಂಜಿನ್ ಇಟ್ಟು ಎತ್ತುವವರಿದ್ದಾರೆ, ಅವರೂ ನಮ್ಮಂಗೆ ಕನ್ನಡ ಮಾತಾಡೋರೇ. ಮೆಣಸಿನ ಗಿಡ ಒಣಗೋದನ್ನ ನೋಡ್ತಾ ನಾನೂ ಕಾಲುವೆ ಏರಿ ಮೇಲೆ ರಾತ್ರಿ ಕಾದಿದ್ದೇನೆ. ಆದರೆ 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕಿತ್ತುಹೋದಾಗ ಅದು ಯಾವ ರಾಜ್ಯದ ಗೇಟು ಅಂತ ಯಾರೂ ಕೇಳಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂಡಿಸಿದ ಸುದ್ದಿ ಬಂದಾಗ ಬಳ್ಳಾರಿಯವರೂ ನಾವೂ ಒಟ್ಟಿಗೇ ಉಸಿರು ಬಿಟ್ಟೆವು. ಒಂದೇ ದೇಶದೊಳಗೆ ಇದು ಆಗುತ್ತದೆ. ಯುದ್ಧ ಮಾಡಿಕೊಂಡ ಎರಡು ದೇಶಗಳ ನಡುವೆ ಆಗಬೇಕಿತ್ತು ಅಂದರೆ ಅದು ಲಿಲಿಯೆಂತಾಲ್‌ನ ಅತಿಯಾಸೆ ಅಂತಲೇ ನನಗನ್ನಿಸೋದು. ಎಂಜಿನಿಯರ್‌ಗೆ ನೀರಿನ ಲೆಕ್ಕ ಗೊತ್ತು, ನಂಬಿಕೆಯ ಲೆಕ್ಕ ಆತನ ಪುಸ್ತಕದಲ್ಲಿ ಇರಲ್ಲ.

ಆತ ಮಾತ್ರ ಆಸೆ ಬಿಡಲಿಲ್ಲ. 1955ರಲ್ಲಿ ಟೆನೆಸಿಯ ಹಳೆ ಜೊತೆಗಾರ ಗಾರ್ಡನ್ ಕ್ಲ್ಯಾಪ್ ಜೊತೆ ಕಂಪನಿ ಕಟ್ಟಿ ಇರಾನಿನ ಖುಜಿಸ್ತಾನಕ್ಕೆ ಹೋದ, ಅಲ್ಲಿ ಡೆಜ್ ನದಿಗೆ ದೊಡ್ಡ ಅಣೆಕಟ್ಟು ಎದ್ದಿತು. ಷಾ ದೊರೆಯನ್ನು ನೆಚ್ಚಿ ನಡೆದ ಕೆಲಸ ಅದು. 1979ರ ಕ್ರಾಂತಿಯಲ್ಲಿ ಷಾ ಹೋದ. ಲಿಲಿಯೆಂತಾಲ್ ದಿನಚರಿ ಬರೆಯುವ ರೂಢಿಯವನು, ಅದು ಏಳು ಸಂಪುಟಗಳಾಗಿ ಅಚ್ಚಾಗಿದೆ.

1981ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ಆ ಹೊತ್ತಿಗೆ ಪಾಕಿಸ್ತಾನದಲ್ಲಿ ಮಂಗ್ಲಾ, ತರ್ಬೇಲಾ ಎರಡೂ ಅಣೆಕಟ್ಟು ಎದ್ದು ನಿಂತಿದ್ದವು, ಜೋಡು ಕಾಲುವೆಗಳಲ್ಲಿ ಪಶ್ಚಿಮದ ನದಿಗಳ ನೀರು ಹರಿಯುತ್ತಿತ್ತು. ಆತ ಕೇಳಿದ್ದ ಜಂಟಿ ಸಂಸ್ಥೆ ಮಾತ್ರ ಸಿಂಧೂ ನದಿಗೆ ಬರಲೇ ಇಲ್ಲ.