ಜಿ. ಶ್ರೀನಿವಾಸಮೂರ್ತಿ

ಕ್ಯಾಪ್ಟನ್ ಗೊರೂರು ಶ್ರೀನಿವಾಸಮೂರ್ತಿ (೧೮೮೭–೧೯೬೨) ಮೈಸೂರು ಸಂಸ್ಥಾನದಲ್ಲಿ ಜನಿಸಿ ಮದ್ರಾಸಿನಲ್ಲಿ ಸೇವೆ ಸಲ್ಲಿಸಿದ ವೈದ್ಯರು, ವಿದ್ವಾಂಸರು ಮತ್ತು ಆಡಳಿತಗಾರರು. ದೇಶೀಯ ವೈದ್ಯ ಪದ್ಧತಿಗಳನ್ನೂ ಪಾಶ್ಚಾತ್ಯ ವೈದ್ಯವನ್ನೂ ಒಂದೇ ವಿದ್ಯಾಲಯದಲ್ಲಿ ಬೋಧಿಸುವ ಪ್ರಯತ್ನ ಮಾಡಿದವರಲ್ಲಿ ಇವರು ಪ್ರಮುಖರು. ಇವರಿಗೆ ವೈದ್ಯರತ್ನ ಎಂಬ ಬಿರುದು ದೊರೆತಿತ್ತು.

ಜನನ ಮತ್ತು ಶಿಕ್ಷಣ

ಶ್ರೀನಿವಾಸಮೂರ್ತಿಯವರು ಇಂದಿನ ಹಾಸನ ಜಿಲ್ಲೆಯ ಗೊರೂರಿನಲ್ಲಿ ಜನಿಸಿದರು. ಬಿ.ಎ. ಹಾಗೂ ಬಿ.ಎಲ್. ಪದವಿಗಳ ಜೊತೆಗೆ ಪಾಶ್ಚಾತ್ಯ ವೈದ್ಯದಲ್ಲಿ ಎಂ.ಬಿ., ಸಿ.ಎಂ. ಪದವಿಯನ್ನೂ ಪಡೆದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ವೈದ್ಯರಾಗಿದ್ದುದರಿಂದ ಕ್ಯಾಪ್ಟನ್ ಎಂಬ ಪದವು ಇವರ ಹೆಸರಿನೊಡನೆ ಉಳಿಯಿತು.

ಉಸ್ಮಾನ್ ಸಮಿತಿ

ಮದ್ರಾಸ್ ಸರ್ಕಾರವು ೧೯೧೮ರಲ್ಲಿ ದೇಶೀಯ ಔಷಧಗಳ ಪರಿಶೀಲನೆಗೆ ಡಾ. ಕೋಮನ್ ಅವರನ್ನು ನೇಮಿಸಿತು. ಅವರ ವರದಿಯು ಆಯುರ್ವೇದದ ಸಿದ್ಧಾಂತಗಳನ್ನು ಅವೈಜ್ಞಾನಿಕವೆಂದು ಪರಿಗಣಿಸಿದ್ದರಿಂದ ವೈದ್ಯರಲ್ಲಿ ತೀವ್ರ ವಿರೋಧ ಹುಟ್ಟಿತು. ೧೯೨೧ರಲ್ಲಿ ಮಹಮ್ಮದ್ ಉಸ್ಮಾನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚನೆಯಾಯಿತು. ಅದರ ಕಾರ್ಯದರ್ಶಿಯಾದ ಶ್ರೀನಿವಾಸಮೂರ್ತಿಯವರು ಭಾರತೀಯ ವೈದ್ಯದ ಶಾಸ್ತ್ರ ಮತ್ತು ಕಲೆಯನ್ನು ಕುರಿತು ದೀರ್ಘ ಪ್ರಬಂಧವನ್ನು ಸಿದ್ಧಪಡಿಸಿದರು. ಅದು ೧೯೨೩ರ ವರದಿಯೊಡನೆ ಪ್ರಕಟವಾಯಿತು. ಶಾಸ್ತ್ರದ ದೃಷ್ಟಿಯಿಂದ ಭಾರತೀಯ ಪದ್ಧತಿಗಳು ತರ್ಕಬದ್ಧವಾಗಿವೆ, ಆದರೆ ಆಚರಣೆಯಲ್ಲಿ, ವಿಶೇಷವಾಗಿ ಶಸ್ತ್ರಚಿಕಿತ್ಸೆಯಲ್ಲಿ, ಅವು ಹಿಂದುಳಿದಿವೆ ಎಂಬುದು ಸಮಿತಿಯ ನಿಲುವಾಗಿತ್ತು.

ವೈದ್ಯ ವಿದ್ಯಾಲಯ

ಈ ಶಿಫಾರಸಿನ ಫಲವಾಗಿ ೧೯೨೫ರಲ್ಲಿ ಮದ್ರಾಸಿನಲ್ಲಿ ಸರ್ಕಾರಿ ಭಾರತೀಯ ವೈದ್ಯ ಶಾಲೆ ಆರಂಭವಾಯಿತು. ಶ್ರೀನಿವಾಸಮೂರ್ತಿಯವರು ಅದರ ಪ್ರಾಂಶುಪಾಲರಾದರು. ಅಲ್ಲಿ ಆಯುರ್ವೇದ, ಸಿದ್ಧ ಮತ್ತು ಯುನಾನಿ ವಿಭಾಗಗಳಿದ್ದವು. ವಿದ್ಯಾರ್ಥಿಗಳು ತಮ್ಮ ಪದ್ಧತಿಯ ಜೊತೆಗೆ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಶಸ್ತ್ರಚಿಕಿತ್ಸೆ ಮೊದಲಾದವುಗಳನ್ನೂ ಕಲಿತು ಎಲ್.ಐ.ಎಂ. ಎಂಬ ಅರ್ಹತೆಯನ್ನು ಪಡೆಯುತ್ತಿದ್ದರು.

ಇತರ ಕಾರ್ಯಗಳು

ಥಿಯಾಸಾಫಿಕಲ್ ಸೊಸೈಟಿಯ ಸದಸ್ಯರಾಗಿದ್ದ ಇವರು ಅಡ್ಯಾರ್ ಗ್ರಂಥಾಲಯದ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು.

ಪ್ರಭಾವ

ಎರಡು ಪದ್ಧತಿಗಳನ್ನು ಒಟ್ಟಿಗೆ ಕಲಿಸುವ ಈ ಕ್ರಮಕ್ಕೆ ಎರಡೂ ಕಡೆಯಿಂದ ಆಕ್ಷೇಪಗಳಿದ್ದವು. ಶುದ್ಧ ಆಯುರ್ವೇದದ ಪಕ್ಷಪಾತಿಗಳು ಇದರಿಂದ ಶಾಸ್ತ್ರವು ಕಲುಷಿತವಾಗುತ್ತದೆ ಎಂದರು. ಆಧುನಿಕ ವೈದ್ಯರು ಇಂತಹ ಪದವೀಧರರನ್ನು ಸಮಾನರೆಂದು ಒಪ್ಪಲಿಲ್ಲ. ವಿದ್ಯಾಲಯವು ಮುಂದೆ ಸಂಯುಕ್ತ ವೈದ್ಯ ಕಾಲೇಜಾಗಿ ಬೆಳೆಯಿತಾದರೂ, ೧೯೬೦ರಲ್ಲಿ ಅದರ ಸ್ಥಾನದಲ್ಲಿ ಆಧುನಿಕ ವೈದ್ಯವನ್ನು ಬೋಧಿಸುವ ಕಿಲ್ಪಾಕ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಶ್ರೀನಿವಾಸಮೂರ್ತಿಯವರು ನಿಧನರಾದದ್ದು ಇದಾದ ಎರಡು ವರ್ಷಗಳ ನಂತರ. ಇದಕ್ಕೆ ವಿರುದ್ಧವಾಗಿ ಚೀನಾದಲ್ಲಿ ೧೯೫೦ರ ದಶಕದಿಂದ ಸರ್ಕಾರವೇ ಎರಡೂ ವೈದ್ಯಗಳ ಸಂಯೋಜನೆಯನ್ನು ಬೆಂಬಲಿಸಿತು. ಅಲ್ಲಿ ಯಕೃತ್ತಿನ ಕ್ಯಾನ್ಸರ್ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮತ್ತು ಕಿಮೋಥೆರಪಿಯ ಜೊತೆಗೆ ಗಿಡಮೂಲಿಕೆಯ ಕಷಾಯಗಳನ್ನು ಕೊಡುವ ರೂಢಿಯಿದೆ.

ಸಂಯೋಜನೆಯಷ್ಟೇ ಮುಖ್ಯವಾದುದು ಪರೀಕ್ಷೆ ಎಂಬುದಕ್ಕೆ ನೆಲನೆಲ್ಲಿ ಉದಾಹರಣೆಯಾಗಿದೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯೂ ಸೇರಿದಂತೆ ದಕ್ಷಿಣ ಭಾರತದ ನಾಟಿವೈದ್ಯದಲ್ಲಿ ಕಾಮಾಲೆಗೆ ಬಳಸುವ ಈ ಗಿಡವನ್ನು, ಯಕೃತ್ತಿನ ಕ್ಯಾನ್ಸರಿಗೆ ಪ್ರಮುಖ ಕಾರಣಗಳಲ್ಲೊಂದಾದ ಹೆಪಟೈಟಿಸ್ ಬಿ ಸೋಂಕಿನ ಮೇಲೆ ಮದ್ರಾಸಿನ ಸಂಶೋಧಕರು ಪ್ರಯೋಗಿಸಿದರು. ೧೯೮೮ರಲ್ಲಿ ಪ್ರಕಟವಾದ ಫಲಿತಾಂಶವು ಆಶಾದಾಯಕವಾಗಿತ್ತು. ಆದರೆ ಬೇರೆಡೆ ನಡೆದ ನಂತರದ ಪ್ರಯೋಗಗಳಲ್ಲಿ ಅದು ದೃಢಪಡಲಿಲ್ಲ.

ಸ್ಮರಣೆ

ಚೆನ್ನೈನ ಅರುಂಬಾಕ್ಕಂನಲ್ಲಿರುವ ಕೇಂದ್ರ ಸರ್ಕಾರದ ಆಯುರ್ವೇದ ಔಷಧ ಸಂಶೋಧನಾ ಸಂಸ್ಥೆಗೆ ಶ್ರೀನಿವಾಸಮೂರ್ತಿಯವರ ಹೆಸರನ್ನು ಇಡಲಾಗಿದೆ. ಔಷಧಗಳ ಗುಣಮಟ್ಟ ಮತ್ತು ಶುದ್ಧತೆಯ ಪರೀಕ್ಷೆ ಅದರ ಮುಖ್ಯ ಕಾರ್ಯಗಳಲ್ಲೊಂದು.