ರೋಬರ್ಟ್ ಬುನ್ಸೆನ್ ಪಂಡಿತನ ಚರಿತ್ರೆ

ಹೈಸ್ಕೂಲಿಗೆ ಹೋಗುವ ನಿಮ್ಮ ಮಕ್ಕಳನ್ನು ಕೇಳಿದರೆ ಬುನ್ಸೆನ್ ದೀಪವೆಂಬ ಹೆಸರನ್ನು ಅವರು ಬಲ್ಲರು. ಆ ಹೆಸರುಳ್ಳ ಮನುಷ್ಯನು ಯಾರೆಂದು ಬಲ್ಲವರು ಕೊಂಚವೇ ಆದಕಾರಣ ಆತನ ಜೀವಮಾನವನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಈತನು 1811ನೇ ಇಸವಿಯಲ್ಲಿ ಜರ್ಮನಿ ದೇಶದ ಗೋಟ್ಟಿಂಗೆನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಭಾಷೆಗಳನ್ನು ಕಲಿಸುತ್ತಿದ್ದನು. ಮಗನಾದರೋ ರಸಾಯನಶಾಸ್ತ್ರವನ್ನು ಹಿಡಿದು 1831ರಲ್ಲಿ ಪಂಡಿತ ಪದವಿಯನ್ನು ಹೊಂದಿದನು. ಮೂರು ವರುಷಗಳ ಮೇಲೆ ಒಬ್ಬ ವೈದ್ಯನ ಸಂಗಡ ಕೂಡಿ, ಕಬ್ಬಿಣದಿಂದ ಆಗಲೇ ತಯಾರಿಸಿದ ತುಕ್ಕಿನಂಥ ಒಂದು ದ್ರವ್ಯವು ಹೊಟ್ಟೆಗೆ ಹೋದ ಪಾಷಾಣವನ್ನು ಕರಗಲೀಸದೆ ಹಿಡಿದಿಡುತ್ತದೆಂದು ಕಂಡುಹಿಡಿದನು.

ಬಳಿಕ ಕಾಸೆಲಿನಲ್ಲಿಯೂ ಮಾರ್‌ಬುರ್ಗಿನಲ್ಲಿಯೂ ಉಪಾಧ್ಯಾಯನಾಗಿದ್ದ ಕಾಲದಲ್ಲಿ ಆ ಪಾಷಾಣವನ್ನೇ ಕುರಿತು ಬಹು ಅಪಾಯವಾದ ಶೋಧನೆಗಳನ್ನು ನಡಿಸಿದನು. ಆ ದ್ರವ್ಯಗಳು ಸಹಿಸಕೂಡದಷ್ಟು ದುರ್ವಾಸನೆಯುಳ್ಳವು. ಗಾಳಿ ತಗಲಿದ ಮಾತ್ರಕ್ಕೆ ಹೊತ್ತಿಕೊಳ್ಳುವವು. ಒಮ್ಮೆ ಅವುಗಳಲ್ಲೊಂದು ಸಿಡಿದು ಆತನ ಬಲಗಣ್ಣು ಕುರುಡಾಯಿತು. ವಿಷದ ಹೊಗೆಯಿಂದ ಪ್ರಾಣವೂ ಹೋಗುವ ಹಾಗಿತ್ತು. ಗುಣವಾದ ಮೇಲೆ ಹಿಡಿದ ಕೆಲಸವನ್ನು ತೀರಿಸಿದನಲ್ಲದೆ ಮಧ್ಯದಲ್ಲಿ ಬಿಡಲಿಲ್ಲ.

1852ರಲ್ಲಿ ಹೈಡೆಲ್ಬರ್ಗ್ ವಿಶ್ವವಿದ್ಯಾಲಯವು ಆತನನ್ನು ಕರೆಯಿತು. ಆ ಪಟ್ಟಣಕ್ಕೆ ಆಗ ಗ್ಯಾಸು ಹೊಸದಾಗಿ ಬಂದಿತ್ತು. ಆದರೆ ಅದರ ಜ್ವಾಲೆಯು ಪಾತ್ರೆಗಳಿಗೆಲ್ಲಾ ಮಸಿ ಹಿಡಿಸುತ್ತಿತ್ತು. ಗ್ಯಾಸು ಉರಿಯುವದಕ್ಕಿಂತ ಮುಂಚೆಯೇ ಅದಕ್ಕೆ ಗಾಳಿಯನ್ನು ಬೆರಸಬೇಕೆಂದು ಬುನ್ಸೆನನು ಯೋಚಿಸಿದನು. ಡೆಸಾಗಾ ಎಂಬ ಕುಶಲ ಕೆಲಸಗಾರನು 1855ರಲ್ಲಿ ಅದಕ್ಕೆ ತಕ್ಕ ಕೊಳವೆಯನ್ನು ಮಾಡಿಕೊಟ್ಟನು. ಕೊಳವೆಯ ಬುಡದಲ್ಲಿ ರಂಧ್ರಗಳಿವೆ. ಮೇಲಕ್ಕೆ ನುಗ್ಗುವ ಗ್ಯಾಸು ಅವುಗಳಿಂದ ಗಾಳಿಯನ್ನು ಎಳೆದುಕೊಳ್ಳುವದರಿಂದ ಮಸಿಯಿಲ್ಲದ ನೀಲಿ ಜ್ವಾಲೆಯು ಬಹಳ ಕಾವಿನಿಂದ ಉರಿಯುತ್ತದೆ. ನಮ್ಮ ಅಡಿಗೆಮನೆಯ ಗ್ಯಾಸಿನ ಒಲೆಯೂ ಇದೇ ಕ್ರಮದಲ್ಲಿ ಉರಿಯುವದನ್ನು ನಮ್ಮ ಸಹೋದರಿಯರು ದಿನವೂ ನೋಡುತ್ತಾರೆ. ಇದಕ್ಕಾಗಿ ಆತನು ಪೇಟೆಂಟನ್ನು ತೆಗೆದುಕೊಳ್ಳಲಿಲ್ಲ. ಕ್ರಮವನ್ನೆಲ್ಲಾ 1857ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಬಿಟ್ಟುಕೊಟ್ಟನು.

ಆ ಶುದ್ಧವಾದ ಜ್ವಾಲೆಯಿಂದ ಇನ್ನೂ ದೊಡ್ಡ ಕಾರ್ಯವಾಯಿತು. ಅಡಿಗೆಯ ಉಪ್ಪನ್ನು ಅದರಲ್ಲಿ ಹಿಡಿದರೆ ಜ್ವಾಲೆ ಹಳದಿಯಾಗುವದು. ಬೇರೆ ಬೇರೆ ಲವಣಗಳಿಗೆ ಬೇರೆ ಬೇರೆ ಬಣ್ಣ. ಮಿತ್ರನಾದ ಕಿರ್ಖೋಫನ ಆಲೋಚನೆಯಂತೆ ಆ ಬೆಳಕನ್ನು ಮುಮ್ಮೂಲೆಯ ಗಾಜಿನ ಮೂಲಕ ಹಾಯಿಸಿ ನೋಡಲು, ಒಂದೊಂದು ಮೂಲವಸ್ತುವಿಗೂ ತನ್ನದೇ ಗೆರೆಗಳುಂಟೆಂದು ತಿಳಿಯಬಂತು. 1860ರಲ್ಲಿ ಡ್ಯೂರ್ಕ್‌ಹೈಮಿನ ಊಟೆಯ ನೀರಿನಲ್ಲಿ ಯಾರೂ ಅರಿಯದ ನೀಲಿ ಗೆರೆಗಳು ಕಂಡವು. ಸುಮಾರು 40 ಟನ್ನು ನೀರನ್ನು ಬತ್ತಿಸಿದ ಮೇಲೆ ಕೆಲವೇ ಗ್ರಾಮು ಲವಣ ದೊರಕಿತು! ಅದರಲ್ಲಿದ್ದ ಹೊಸ ಲೋಹವೇ ಸೀಸಿಯಮ್. 1967ರಿಂದ ಲೋಕವು ಒಂದು ಸೆಕೆಂಡಿನ ಅಳತೆಯನ್ನು ಇದರ ಅಣುವಿನಿಂದಲೇ ನಿರ್ಣಯಿಸುತ್ತಿದೆ. ಮರುವರುಷ ರುಬಿಡಿಯಮ್ ಎಂಬ ಇನ್ನೊಂದು ಲೋಹವೂ ಸಿಕ್ಕಿತು.

ಆತನು ಮದುವೆಯಾಗಲಿಲ್ಲ. ದೇಶದೇಶಗಳಿಂದ ಬಂದ ಶಿಷ್ಯರು ಬಹುಮಂದಿ ಇದ್ದರು. ಹಿಂದೆ ನಮ್ಮ ಹಳ್ಳಿಗಳ ಮದುವೆಯ ಚಪ್ಪರದಲ್ಲಿ ಪೆಟ್ರೋಮ್ಯಾಕ್ಸ್ ದೀಪವನ್ನು ತೂಗಹಾಕುತ್ತಿದ್ದುದನ್ನು ಹಿರಿಯರು ನೆನಸುವರು. ಅದರೊಳಗೆ ಬೆಳಗುವ ಮ್ಯಾಂಟಲೆಂಬ ಬಿಳೀ ಬಲೆಯನ್ನು ಕಲ್ಪಿಸಿದ ಔವರ್ ಫಾನ್ ವೆಲ್ಸ್‌ಬಾಖನು ಈತನ ಶಿಷ್ಯನೇ. ಆ ಶಿಷ್ಯನು 1885ರಲ್ಲಿ ಪೇಟೆಂಟನ್ನು ಪಡೆದು ಧನವಂತನಾದನು. ಅದರಲ್ಲಿ ತಪ್ಪೇನೂ ನಮಗೆ ತೋರುವದಿಲ್ಲ. ಗುರುವಾದರೋ 1889ರ ವರೆಗೆ, ತನ್ನ ಎಪ್ಪತ್ತೆಂಟನೇ ವಯಸ್ಸಿನ ತನಕ, ಒಂದೇ ಕಣ್ಣಿನಿಂದ ನೋಡುತ್ತಾ ಪಾಠ ಹೇಳಿಕೊಟ್ಟು, 1899ನೇ ಆಗೋಸ್ತು 16ರಲ್ಲಿ ಹೈಡೆಲ್ಬರ್ಗಿನಲ್ಲಿಯೇ ತೀರಿಹೋದನು.