ಪ್ರೋಟೀನುಗಳ ಕೋಶಕರ್ತೆ ಮಾರ್ಗರೆಟ್ ಡೇಹಾಫ್

ಇಂದು ಯಾವುದೇ ವಿಶ್ವವಿದ್ಯಾನಿಲಯದ ಜೀವಶಾಸ್ತ್ರ ಸಂಶೋಧಕನು ತಾನು ಬೇರ್ಪಡಿಸಿದ ಪ್ರೋಟೀನೊಂದನ್ನು ಗಣಕಯಂತ್ರದ ಮುಂದೆ ಕುಳಿತು ಲಕ್ಷಾಂತರ ಪ್ರೋಟೀನುಗಳೊಡನೆ ಹೋಲಿಸಿ ನೋಡಬಲ್ಲನು. ಈ ಸೌಕರ್ಯವನ್ನು ಒದಗಿಸಿದ ಜೈವಿಕ ಮಾಹಿತಿ ವಿಜ್ಞಾನಕ್ಕೆ ಇನ್ನೂ ಹೆಸರೇ ಇಲ್ಲದಿದ್ದ ಕಾಲದಲ್ಲಿ ಅದರ ತಳಹದಿಯನ್ನು ಹಾಕಿದವರಲ್ಲಿ ಅಮೆರಿಕೆಯ ವಿದುಷಿ ಮಾರ್ಗರೆಟ್ ಓಕ್ಲಿ ಡೇಹಾಫ್ ಅಗ್ರಗಣ್ಯರು.

ಅವರು ಜನಿಸಿದುದು 1925ರ ಮಾರ್ಚ್ 11ರಂದು, ಫಿಲಡೆಲ್ಫಿಯಾ ನಗರದಲ್ಲಿ. ತಾಯಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ; ಮಗಳಿಗೂ ಗಣಿತವೇ ಪ್ರಿಯವಾಯಿತು. 1945ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಿಂದ ಪದವಿಯನ್ನೂ 1948ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟನ್ನೂ ಪಡೆದರು. ವ್ಯಾಪಾರದ ಲೆಕ್ಕಪತ್ರಗಳಿಗೆ ಬಳಕೆಯಲ್ಲಿದ್ದ, ರಂಧ್ರ ಕೊರೆದ ಕಾರ್ಡುಗಳ ಯಂತ್ರದಿಂದ ಅಣುಗಳ ಶಕ್ತಿಯನ್ನು ಲೆಕ್ಕ ಹಾಕಿದುದು ಆ ಪ್ರಬಂಧದ ವೈಶಿಷ್ಟ್ಯ. ಅದೇ ವರ್ಷ ಭೌತವಿಜ್ಞಾನಿ ಎಡ್ವರ್ಡ್ ಡೇಹಾಫ್ ಅವರನ್ನು ವಿವಾಹವಾದರು. ಇಬ್ಬರು ಹೆಣ್ಣುಮಕ್ಕಳ ಪಾಲನೆಗಾಗಿ ಕೆಲವು ವರ್ಷ ಸಂಶೋಧನೆಯಿಂದ ದೂರವಿದ್ದು, 1960ರಲ್ಲಿ ರಾಬರ್ಟ್ ಲೆಡ್ಲಿ ಅವರು ಸ್ಥಾಪಿಸಿದ ರಾಷ್ಟ್ರೀಯ ಜೈವಿಕ ವೈದ್ಯಕೀಯ ಸಂಶೋಧನಾ ಪ್ರತಿಷ್ಠಾನವನ್ನು ಸೇರಿದರು.

ಪ್ರೋಟೀನೆಂಬುದು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಅಂದಿನ ರಸಾಯನಜ್ಞರು ಸರವನ್ನು ತುಂಡು ತುಂಡಾಗಿ ಒಡೆದು, ತುಂಡುಗಳನ್ನು ಓದಿ, ಮತ್ತೆ ಕೈಲೆಕ್ಕದಿಂದ ಜೋಡಿಸಬೇಕಾಗಿತ್ತು. 51 ಮಣಿಗಳ ಇನ್ಸುಲಿನ್ ಒಂದಕ್ಕೇ ಸ್ಯಾಂಗರ್ ಅವರಂಥ ಮೇಧಾವಿಗೆ ವರ್ಷಗಳು ಹಿಡಿದವು. ಡೇಹಾಫ್ ಮತ್ತು ಲೆಡ್ಲಿ ಈ ಜೋಡಣೆಯನ್ನು ಗಣಕಯಂತ್ರಕ್ಕೆ ಒಪ್ಪಿಸುವ ವಿಧಾನವನ್ನು 1962ರಲ್ಲಿ ಪ್ರಕಟಿಸಿದರು.

ಆದರೆ ಓದಿದ ಸರಗಳು ಹತ್ತಾರು ಪತ್ರಿಕೆಗಳಲ್ಲಿ ಚದುರಿಹೋಗಿದ್ದವು. ಅವನ್ನೆಲ್ಲ ಆರಿಸಿ, ತಪ್ಪು ತಿದ್ದಿ, 1965ರಲ್ಲಿ ಡೇಹಾಫ್ ಮತ್ತು ಸಹೋದ್ಯೋಗಿಗಳು ಪ್ರೋಟೀನುಗಳ ಕೋಶವೊಂದನ್ನು ಹೊರತಂದರು. ಅದರಲ್ಲಿದ್ದುದು 65 ಪ್ರೋಟೀನುಗಳು ಮಾತ್ರ. ಸ್ಥಳವನ್ನು ಉಳಿಸಲು ಪ್ರತಿಯೊಂದು ಅಮೈನೋ ಆಮ್ಲಕ್ಕೂ ಒಂದೇ ಅಕ್ಷರದ ಸಂಕೇತವನ್ನು ರೂಪಿಸಿದರು. ಫಿನೈಲಲನೀನಿಗೆ ಉಚ್ಚಾರಣೆಯ ಸಾಮ್ಯದಿಂದ ಎಫ್, ಲೈಸೀನಿಗೆ ಎಲ್‌ನ ನೆರೆಯ ಕೆ. ಇವು ಇಂದಿಗೂ ವಿದ್ಯಾರ್ಥಿಗಳ ನಾಲಗೆಯ ಮೇಲಿವೆ.

ಇಂಥ ಸಂಗ್ರಹಕಾರ್ಯವನ್ನು ಗುಮಾಸ್ತಿಕೆಯೆಂದು ಕಡೆಗಣಿಸಿದವರೂ ಇದ್ದರು. ಆದರೆ ಸಂಗ್ರಹವಿಲ್ಲದೆ ಹೋಲಿಕೆಯಿಲ್ಲ. ಹಳಗನ್ನಡದ ಪುಲಿ ಹೊಸಗನ್ನಡದಲ್ಲಿ ಹುಲಿಯಾದುದನ್ನು ಬಲ್ಲವರು, ಯಾವ ಅಕ್ಷರ ಯಾವುದಾಗಿ ಮಾರ್ಪಡುತ್ತದೆಂಬ ಲೆಕ್ಕದಿಂದ ಶಬ್ದಗಳ ನಂಟನ್ನು ಗುರುತಿಸುತ್ತಾರೆ. ಡೇಹಾಫ್ ಪ್ರೋಟೀನುಗಳಲ್ಲಿ ಮಾಡಿದುದೂ ಇದನ್ನೇ. 71 ಸಂಬಂಧಿತ ಗುಂಪುಗಳಲ್ಲಿ ಕಂಡ 1572 ಬದಲಾವಣೆಗಳನ್ನು ಎಣಿಸಿ, ಯಾವ ಆಮ್ಲದ ಜಾಗಕ್ಕೆ ಯಾವುದು ಎಷ್ಟು ಸುಲಭವಾಗಿ ಬರುತ್ತದೆಂಬ ಕೋಷ್ಟಕಗಳನ್ನು 1978ರಲ್ಲಿ ಪ್ರಕಟಿಸಿದರು. ಎರಡು ಜೀವಿಗಳ ಪ್ರೋಟೀನುಗಳು ಒಂದೇ ಮೂಲದವೋ ಅಲ್ಲವೋ ಎಂಬುದನ್ನು ತೂಗಿ ನೋಡಲು ಸಂಶೋಧಕರಿಗೆ ತಕ್ಕಡಿಯೊಂದು ದೊರೆತಂತಾಯಿತು.

1980ರಲ್ಲಿ ಅವರ ಪ್ರತಿಷ್ಠಾನದ ನ್ಯೂಕ್ಲಿಯಿಕ್ ಆಮ್ಲಗಳ ಸಂಗ್ರಹವನ್ನು ದೂರದ ಸಂಶೋಧಕರು ದೂರವಾಣಿ ತಂತಿಯ ಮೂಲಕ ತಮ್ಮ ಊರಿನಿಂದಲೇ ನೋಡುವ ವ್ಯವಸ್ಥೆಯಾಯಿತು. ಆದರೂ ಒಂದು ಅಸಮಾಧಾನ ಒಳಗೊಳಗೇ ಬೆಳೆಯುತ್ತಲಿತ್ತು. ಮಾಹಿತಿ ಕಂಡುಹಿಡಿದವರು ಬೇರೆ; ಕೋಶದ ಹಕ್ಕು ಕಾಯ್ದಿರಿಸಿ ಮಾರುತ್ತಿದ್ದುದು ಪ್ರತಿಷ್ಠಾನ. ಅನುದಾನದ ಕೊರತೆಯಲ್ಲಿ ನೌಕರರ ವೇತನಕ್ಕೂ ಮುದ್ರಣಕ್ಕೂ ಹಣ ಬೇಕಿದ್ದುದು ನಿಜ. ತಾವು ಕೊಟ್ಟುದನ್ನು ತಾವೇ ಕೊಳ್ಳಬೇಕಾದವರ ನೋವೂ ನಿರಾಧಾರವಲ್ಲ. ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ನ್ಯೂಕ್ಲಿಯಿಕ್ ಆಮ್ಲಗಳ ಸಾರ್ವಜನಿಕ ಭಂಡಾರಕ್ಕೆ ಗುತ್ತಿಗೆ ನೀಡುವಾಗ ಡೇಹಾಫ್ ಸ್ಪರ್ಧಿಸಿದರು. 1982ರಲ್ಲಿ ಆ ಗುತ್ತಿಗೆ, ಸಂಗ್ರಹವನ್ನು ಎಲ್ಲರಿಗೂ ಮುಕ್ತವಾಗಿಡುವುದಾಗಿ ಒಪ್ಪಿದ್ದ ಲಾಸ್ ಅಲಮೋಸ್ ಪ್ರಯೋಗಾಲಯದ ಪಾಲುದಾರಿಕೆಯ ತಂಡಕ್ಕೆ ಹೋಯಿತು. ಜೆನ್‌ಬ್ಯಾಂಕ್ ಎಂದು ಪ್ರಸಿದ್ಧವಾದ ಭಂಡಾರವೇ ಇದು. ಎರಡು ದಶಕ ಈ ಕಾಯಕದಲ್ಲೇ ಕಳೆದವರಿಗೆ ಇದು ಸಣ್ಣ ಪೆಟ್ಟಲ್ಲ.

ಪ್ರೋಟೀನುಗಳ ಸಂಗ್ರಹವನ್ನು ಮಾತ್ರ ಅವರು ಕೈಬಿಡಲಿಲ್ಲ. ಅದನ್ನು ವಿಶಾಲವಾದ ಸಂಪನ್ಮೂಲವಾಗಿ ಬೆಳೆಸುವ ಪ್ರಯತ್ನದಲ್ಲಿದ್ದಾಗಲೇ, 1983ರ ಫೆಬ್ರವರಿ 5ರಂದು, ಹೃದಯಾಘಾತದಿಂದ ನಿಧನ ಹೊಂದಿದರು. ಆಗ ಅವರಿಗೆ 57 ವರ್ಷ. ಮರುವರ್ಷ ಅದೇ ಪ್ರತಿಷ್ಠಾನದಲ್ಲಿ ಪ್ರೋಟೀನ್ ಮಾಹಿತಿ ಸಂಪನ್ಮೂಲವು ಸ್ಥಾಪನೆಯಾಯಿತು. 2002ರಲ್ಲಿ ಅದು ಯೂರೋಪಿನ ಸಂಗ್ರಹಗಳೊಡನೆ ಕೂಡಿ ಯೂನಿಪ್ರಾಟ್ ಆಯಿತು. ಅಲ್ಲಿ ಹುಡುಕಲು ಯಾರೂ ಹಣ ಕೊಡಬೇಕಾಗಿಲ್ಲ.